ಪೇಜ್‌ಮೇಕರ್ ಫೈಲಿಗಾಗಿ ಸಾಕಿಕೊಂಡಿರುವ ಎಕ್ಸ್‌ಪಿ

ನಾನಿರುವ ಪ್ರಕಾಶನ ಸಂಸ್ಥೆಯಲ್ಲಿ ಹಳೇ ಪುಸ್ತಕಗಳ ಮರುಮುದ್ರಣಕ್ಕೆ ಫೈಲ್ ಸಿದ್ಧ ಮಾಡುವುದು ನನ್ನ ಪಾಲಿನ ಕೆಲಸ. ಕೇಳೋಕೆ ಸುಲಭ. ಆದರೆ ಆ ಫೈಲುಗಳೆಲ್ಲ ಪೇಜ್‌ಮೇಕರ್ ಅನ್ನುವ ಹಳೇ ಪುಟ ವಿನ್ಯಾಸ ತಂತ್ರಾಂಶದಲ್ಲಿವೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ತನ್ನ ಸಿಎಸ್6 ಆವೃತ್ತಿಯವರೆಗೆ ಈ ಫೈಲುಗಳನ್ನು ತೆರೆಯುತ್ತಿತ್ತು, ಆಮೇಲೆ ಅದೂ ನಿಂತಿತು. ತೆರೆದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟಗಳು ಜರುಗುತ್ತವೆ, ಪದಸೂಚಿ ಪೂರ್ತಿ ಕೆಡುತ್ತದೆ. ಅದಕ್ಕೇ ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿ ಓಡಿಸುತ್ತೇವೆ. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್.

ಎಕ್ಸ್‌ಪಿಯನ್ನು ಹಾಗೇ ಹಾಕಿದರೆ ಅದು ಓಡುತ್ತದೆ, ಆದರೆ ಅದರಲ್ಲಿ ಕೆಲಸ ಮಾಡೋಕೆ ಆಗುವುದಿಲ್ಲ. ಪರದೆ ಚಿಕ್ಕದು. ಮೌಸ್ ಕೆಲವೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತದೆ, ಆಗ ಬಲಗಡೆಯ ಕಂಟ್ರೋಲ್ ಕೀ ಒತ್ತಿ ಬಿಡಿಸಿಕೊಳ್ಳಬೇಕು. ಫೈಲ್ ಒಳಗೆ ಕಳಿಸುವ ಸುಲಭದ ದಾರಿ ಇಲ್ಲ. ತಾನು ಇನ್ನೊಂದು ಕಂಪ್ಯೂಟರಿನೊಳಗೆ ಕೂತಿದ್ದೇನೆ ಅನ್ನುವುದು ಪಾಪ ಎಕ್ಸ್‌ಪಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತು ಮಾಡಿಸುವ ಡ್ರೈವರುಗಳ ಗಂಟೇ ಗೆಸ್ಟ್ ಅಡಿಷನ್ಸ್. ವರ್ಚುವಲ್‌ಬಾಕ್ಸ್‌ನಂಥದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್‌ನಲ್ಲಿ ಇದನ್ನೇ ವಿಎಂವೇರ್ ಟೂಲ್ಸ್ ಅನ್ನುತ್ತಾರೆ.

ಹಾಕುವ ಕೆಲಸ ದೊಡ್ಡದೇನಲ್ಲ. ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ವಾಪಸ್ ಬರಬಹುದು. ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿ ಒಳಗೆ ಹಾಕಿದರೆ ಎಕ್ಸ್‌ಪಿಯಲ್ಲಿ ಅದು ಸಿಡಿ ಡ್ರೈವಿನಂತೆ ಕಾಣುತ್ತದೆ. ಅದನ್ನು ಓಡಿಸಿ. ಲೋಗೋ ಪರೀಕ್ಷೆ ಪಾಸಾಗಿಲ್ಲ ಅಂತ ಎಕ್ಸ್‌ಪಿ ಹೆದರಿಸಿದರೆ ಮುಂದುವರಿಸಿ ಅನ್ನಿ. ಮೂರು ಆಯಾಮದ ಗ್ರಾಫಿಕ್ಸ್ ಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಪೇಜ್‌ಮೇಕರ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಪರದೆ ಅಗಲವಾಗುತ್ತದೆ, ಮೌಸ್ ಆರಾಮಾಗಿ ಒಳಗೆ ಹೊರಗೆ ಓಡಾಡುತ್ತದೆ.

ಇಷ್ಟಕ್ಕೇ ಖುಷಿಯಾಗಿ ಮೆನುವಿನಲ್ಲಿ ಕಂಡದ್ದನ್ನೆಲ್ಲ ಆನ್ ಮಾಡುವವರೇ ಜಾಸ್ತಿ. ಎರಡೂ ಕಡೆ ಕ್ಲಿಪ್‌ಬೋರ್ಡ್, ಎರಡೂ ಕಡೆ ಡ್ರ್ಯಾಗ್, ಇಡೀ ಡಿ ಡ್ರೈವ್ ಹಂಚಿಕೆ. ನಾನು ಇದಕ್ಕೆ ಒಪ್ಪುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಅದರ ಜೊತೆ ನಮ್ಮ ಹಳೇ ಸಿಡಿಗಳಲ್ಲಿ, ಪೆನ್‌ಡ್ರೈವುಗಳಲ್ಲಿ ಆ ಕಾಲದ ಆಟೋರನ್ ವೈರಸ್‌ಗಳು ಇನ್ನೂ ಹಾಗೇ ಇರುತ್ತವೆ. ಬರೆಯುವ ಅನುಮತಿ ಕೊಟ್ಟು ಇಡೀ ಸಂಗ್ರಹವನ್ನು ಹಂಚಿದರೆ ಗೆಸ್ಟ್‌ನ ವೈರಸ್ ನೇರ ಹೋಸ್ಟ್‌ನ ಫೈಲಿಗೇ ಕೈ ಹಾಕಬಹುದು. ಅದಕ್ಕೇ ನಮ್ಮಲ್ಲಿ ಎರಡೇ ಫೋಲ್ಡರ್. ಮೂಲ ಫೈಲುಗಳದ್ದನ್ನು ಓದೋಕೆ ಮಾತ್ರ ಹಂಚಿದ್ದೇವೆ. ಇನ್ನೊಂದು ಖಾಲಿ ಫೋಲ್ಡರ್, ಹೊರಗೆ ಬರುವುದೆಲ್ಲ ಅದರೊಳಗೇ ಬೀಳಬೇಕು. ನೆಟ್‌ವರ್ಕ್ ಕೇಬಲ್ ಸೆಟ್ಟಿಂಗ್ಸ್‌ನಲ್ಲೇ ಕಿತ್ತಿಟ್ಟಿದೆ. ಶೇರ್ಡ್ ಫೋಲ್ಡರಿಗೆ ಅದು ಬೇಕಾಗುವುದೂ ಇಲ್ಲ, ಅಡಿಷನ್ಸ್ ತನ್ನದೇ ದಾರಿಯಲ್ಲಿ ಹೋಸ್ಟ್ ಜೊತೆ ಮಾತಾಡುತ್ತದೆ.

ಈ ಶೇರ್ಡ್ ಫೋಲ್ಡರಿನಲ್ಲಿ ಕನ್ನಡದವರಿಗೇ ಅಂತ ಒಂದು ತೊಡಕಿದೆ. ಹೋಸ್ಟ್‌ನಲ್ಲಿ ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ಗೆ ತೊಂದರೆ ಇಲ್ಲ, ಅದಕ್ಕೆ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಈಗಿನ ಸಂಕೇತ ಪದ್ಧತಿ) ಗೊತ್ತು. ಪೇಜ್‌ಮೇಕರ್‌ಗೆ ಗೊತ್ತಿಲ್ಲ. ಓಪನ್ ಡೈಲಾಗ್‌ನಲ್ಲಿ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ, ಫೈಲ್ ತೆರೆಯುವುದಿಲ್ಲ. ಫೈಲ್ ಹಾಳಾಗಿದೆ ಅಂದುಕೊಂಡು ಪಕ್ಕಕ್ಕಿಡುವ ಮೊದಲು ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಬದಲಾಯಿಸಿ ನೋಡಿ. ಇನ್ನೊಂದು ವಿಷಯ. ಹಂಚಿದ ಫೋಲ್ಡರ್ ಗೆಸ್ಟ್‌ಗೆ ಒಂದು ನೆಟ್‌ವರ್ಕ್ ವಿಳಾಸದಂತೆ ಕಾಣುತ್ತದೆ, ಎರಡು ಬ್ಯಾಕ್‌ಸ್ಲ್ಯಾಶ್ ಮತ್ತು ವಿಬಾಕ್ಸ್‌ಎಸ್‌ವಿಆರ್ ಅನ್ನುವ ಹೆಸರಿನ ಕೆಳಗೆ. ಹಳೇ ತಂತ್ರಾಂಶಗಳಿಗೆ ಇಂಥ ವಿಳಾಸ ಅಷ್ಟಾಗಿ ಆಗಿಬರುವುದಿಲ್ಲ. ಒಂದು ಡ್ರೈವ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿಬಿಡಿ. ಪೇಜ್‌ಮೇಕರ್ ಚಿತ್ರಗಳ ಲಿಂಕನ್ನು ಪೂರ್ತಿ ದಾರಿಯ ಜೊತೆ ನೆನಪಿಟ್ಟಿರುತ್ತದೆ. ಪುಸ್ತಕ ಮಾಡಿದ ಕಾಲದಲ್ಲಿ ಚಿತ್ರಗಳು ಇ ಡ್ರೈವಿನಲ್ಲಿ ಇದ್ದವು ಅಂತ ಗೊತ್ತಾದರೆ, ಮ್ಯಾಪ್ ಮಾಡುವಾಗಲೂ ಇ ಅನ್ನೇ ಕೊಡಿ, ಒಳಗಿನ ಫೋಲ್ಡರ್ ಹೆಸರುಗಳನ್ನೂ ಹಾಗೇ ಇಡಿ. ಒಂದೊಂದೇ ಚಿತ್ರವನ್ನು ಹುಡುಕಿ ಕೊಡುವ ಗೋಳು ತಪ್ಪುತ್ತದೆ.

ಇನ್ನು ಕ್ಲಿಪ್‌ಬೋರ್ಡ್. ನಮ್ಮ ಪ್ರೂಫ್ ವಿಭಾಗದ ಮೇಡಂ ಒಮ್ಮೆ, “ಸರ್, ಆ ಅಧ್ಯಾಯ ಸುಮ್ನೆ ಕಾಪಿ ಮಾಡಿ ಮೇಲ್‌ಗೆ ಹಾಕಿಬಿಡಿ” ಅಂದರು. ಕಾಪಿ ಆಗುತ್ತದೆ, ಓದೋಕೆ ಆಗುವುದಿಲ್ಲ. ನುಡಿ, ಬರಹದಂಥ ಹಳೇ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಒತ್ತಕ್ಷರ, ಗುಣಿತ, ದೀರ್ಘ ಎಲ್ಲ ಬೇರೆ ಬೇರೆ ತುಂಡು. ಕ್ಲಿಪ್‌ಬೋರ್ಡ್ ದಾಟಿಸುವುದು ಆ ಸಂಕೇತವನ್ನು, ಫಾಂಟನ್ನಲ್ಲ. ಹೊರಗೆ ಬಂದದ್ದನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೇ ಅದು ಕನ್ನಡವಾಗುವುದು. ಹೊರಗಿನಿಂದ ಒಳಗೆ ಅಂಟಿಸುವುದು ಇನ್ನೂ ಕಷ್ಟ. ಯುನಿಕೋಡ್ ಕನ್ನಡವನ್ನು ಪೇಜ್‌ಮೇಕರ್‌ಗೆ ಅಂಟಿಸಿದರೆ ಮತ್ತೆ ಅದೇ ಪ್ರಶ್ನಾರ್ಥಕಗಳು. ಮೊದಲೇ ಹಳೇ ಸಂಕೇತಕ್ಕೆ ಪರಿವರ್ತಿಸಿ, ಫೈಲ್ ಮಾಡಿ ಕಳಿಸುವುದೇ ವಾಸಿ. ಪಠ್ಯ ದಾಟಿಸೋಕೆ ನಾನು ಎರಡೂ ಕಡೆ ಫೈಲನ್ನೇ ಬಳಸುತ್ತೇನೆ. ಕ್ಲಿಪ್‌ಬೋರ್ಡ್ ಆಫ್ ಇದೆ. ಅಂದಹಾಗೆ ವರ್ಚುವಲ್‌ಬಾಕ್ಸ್‌ನಲ್ಲಿ ಅದು ಶುರುವಿನಿಂದಲೇ ಆಫ್ ಇರುತ್ತದೆ, ಆನ್ ಮಾಡುವವರು ನಾವೇ.

ಮುದ್ರಣಕ್ಕೆ ಹೋಗುವುದು ಪಠ್ಯ ಅಲ್ಲ, ಪುಟ. ಹಾಗಾಗಿ ಎಕ್ಸ್‌ಪಿಯಲ್ಲಿ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಬಳಸುವ ಒಂದು ಪ್ರಿಂಟರ್ ಡ್ರೈವರ್ ಹಾಕಿ, ಪ್ರಿಂಟ್ ಟು ಫೈಲ್ ಕೊಟ್ಟು, ಆ ಫೈಲನ್ನು ಹೊರಗಿನ ಫೋಲ್ಡರಿಗೆ ಬೀಳಿಸುತ್ತೇವೆ. ಹೋಸ್ಟ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಅದನ್ನು ಪಿಡಿಎಫ್ ಮಾಡುತ್ತದೆ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಟ್ರೂಟೈಪ್ ಫಾಂಟನ್ನು ಪ್ರಿಂಟರಿನ ಫಾಂಟಿಗೆ ಬದಲಾಯಿಸದೆ ಹಾಗೇ ಕಳಿಸು ಅಂತ ಹೇಳಿರಬೇಕು. ಇಲ್ಲದಿದ್ದರೆ ಕನ್ನಡದ ಬದಲು ಬೇರೇನೋ ಬಂದೀತು. ಡಾಕ್ಯುಮೆಂಟ್ ಸೆಟಪ್‌ನಲ್ಲಿ ಕಂಪೋಸ್ ಟು ಪ್ರಿಂಟರ್ ಅಂತ ಒಂದು ಜಾಗ ಇದೆ. ಅಲ್ಲಿ ಪ್ರಿಂಟರ್ ಬದಲಾಯಿಸಿದ ಮೇಲೆ ಹಳೇ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು ಪುಟದ ಕೊನೆಯ ಸಾಲುಗಳನ್ನು ಹೋಲಿಸಿ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಎಲ್ಲ ಹಳೇ ವಿಂಡೋಸ್‌ಗೂ ಇದೇ ಸೌಕರ್ಯ ಸಿಗುತ್ತದೆ ಅಂದುಕೊಳ್ಳಬೇಡಿ. ವಿಂಡೋಸ್ 98ಕ್ಕೆ ವರ್ಚುವಲ್‌ಬಾಕ್ಸ್‌ನಲ್ಲಿ ಅಡಿಷನ್ಸೇ ಇಲ್ಲ. ವಿಎಂವೇರ್‌ನಲ್ಲಿ ಹಳೇ ಟೂಲ್ಸ್‌ನ ಬೇರೆಯದೇ ಸಿಡಿ ಇದೆ, ವಿನ್‌ಪ್ರೀ2ಕೆ ಅಂತ. ಪರದೆ ಮತ್ತು ಮೌಸ್ ಸರಿಹೋಗುತ್ತದೆ, ಶೇರ್ಡ್ ಫೋಲ್ಡರ್ ಮಾತ್ರ 98ಕ್ಕೆ ಇಲ್ಲ. ಗೆಸ್ಟ್‌ನ ವಯಸ್ಸು ನೋಡಿ ಟೂಲ್ಸ್ ಆರಿಸಬೇಕು, ಹೋಸ್ಟ್ ಎಷ್ಟು ಹೊಸದು ಅಂತಲ್ಲ. ಹೊಂದಿದ ಸಿಡಿ ಇಮೇಜ್ ಸಿಕ್ಕಿದರೆ ವರ್ಚುವಲ್ ಡಿಸ್ಕ್ ಜೊತೆಗೇ ಅದನ್ನೂ ಬ್ಯಾಕಪ್ ಮಾಡಿಡಿ. 98ರ ಫೈಲುಗಳನ್ನು ನಾವು ಐಎಸ್‌ಒ, ಅಂದರೆ ಸಿಡಿ ಇಮೇಜ್, ಮಾಡಿ ಒಳಗೆ ಕಳಿಸುತ್ತೇವೆ. ಹೊರಗೆ ತರುವಾಗ ಮಾತ್ರ ಕೇಬಲ್ ಸಿಕ್ಕಿಸುತ್ತೇವೆ, ಅದೂ ಹೋಸ್ಟ್‌ಗಷ್ಟೇ ತಲುಪುವ ನೆಟ್‌ವರ್ಕಿಗೆ. ಅಲ್ಲಿ ಫೈಲ್ ಕಳಿಸೋಕೆ 98ರಲ್ಲೇ ಇರುವ ಎಫ್‌ಟಿಪಿ ಆಜ್ಞೆ ಸಾಕು. ವಿಂಡೋಸ್‌ನ ಮಾಮೂಲಿ ಫೋಲ್ಡರ್ ಹಂಚಿಕೆಯಲ್ಲಿ ಆಗಲಿಕ್ಕಿಲ್ಲವೇ ಅಂತ ಕೇಳುತ್ತಾರೆ. ಆ ಹಂಚಿಕೆ ನಡೆಯುವುದು ಎಸ್‌ಎಂಬಿ ಅನ್ನುವ ನಿಯಮಾವಳಿಯಲ್ಲಿ, 98ಕ್ಕೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರಲ್ಲಿ ಬಂದ 1709 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದರ ಮೂಲಕ ಫೋಲ್ಡರ್ ಹಂಚುವ ಭಾಗ ತಾನಾಗಿ ಬರುವುದಿಲ್ಲ. ಒಂದು ಪುಸ್ತಕಕ್ಕಾಗಿ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಎಬ್ಬಿಸುವುದು ಬೇಡ.

ಟೂಲ್ಸ್ ಸಮಯವನ್ನೂ ಹೋಸ್ಟ್‌ಗೆ ಹೊಂದಿಸುತ್ತದೆ. ನಮಗೆ ಅದರಿಂದ ಅಡ್ಡಿಯಿಲ್ಲ. ಹಳೇ ಲೆಕ್ಕಪತ್ರದ ತಂತ್ರಾಂಶ ಓಡಿಸುವವರು ತಾರೀಖು ಹಿಂದಕ್ಕೆ ಇಡಬೇಕಾದರೆ ಈ ಹೊಂದಾಣಿಕೆಯನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಇಟ್ಟ ತಾರೀಖು ನಿಲ್ಲುವುದಿಲ್ಲ.

ಟೂಲ್ಸ್‌ನಿಂದ ಬಗೆಹರಿಯದ್ದೂ ಇದೆ. ಆ ಕಾಲದ ಕೆಲವು ಟೈಪಿಂಗ್ ತಂತ್ರಾಂಶಗಳಿಗೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಬೇಕಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಅಂಥ ಪುಸ್ತಕಗಳನ್ನು ಫಾಂಟ್ ಇದ್ದರೆ ನೋಡಬಹುದು, ಪ್ರಿಂಟ್ ಮಾಡಬಹುದು, ತಿದ್ದೋಕೆ ಆಗುವುದಿಲ್ಲ. ನುಡಿಯಲ್ಲಿ ತಿದ್ದಬಹುದು, ಆದರೆ ಕನ್ನಡಕ್ಕೆ ಬದಲಾಗೋಕೆ ಸ್ಕ್ರಾಲ್ ಲಾಕ್ ಕೀ ಒತ್ತಬೇಕು. ನಮ್ಮ ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕೀ ಇಲ್ಲ. ವರ್ಚುವಲ್‌ಬಾಕ್ಸ್ 6.1ರಿಂದ ಇನ್‌ಪುಟ್ ಮೆನುವಿನಲ್ಲಿ ಸಾಫ್ಟ್ ಕೀಬೋರ್ಡ್ ಇದೆ. ಅದರಲ್ಲಿ ಮೌಸ್‌ನಿಂದ ಸ್ಕ್ರಾಲ್ ಲಾಕ್ ಒತ್ತಿ, ಆಮೇಲೆ ಮಾಮೂಲಿ ಕೀಬೋರ್ಡಿನಲ್ಲೇ ಟೈಪ್ ಮಾಡಬಹುದು. ಹೋಸ್ಟ್‌ನಲ್ಲಿರುವ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಆ ಹೊತ್ತಿಗೆ ಆಫ್ ಮಾಡಿಕೊಳ್ಳಿ.