ಆಂಪ್ ಮೇಲೊಂದು ಸ್ಟಿಕ್ಕರ್ ಬೊಟ್ಟು

ನಮ್ಮ ಮನೆಯ ಸ್ಟೀರಿಯೊಗೆ ಈಗ ಹದಿನಾಲ್ಕು ವರ್ಷ. ಒಂದು ಆಂಪ್ಲಿಫೈಯರ್, ಎರಡು ಟವರ್ ಸ್ಪೀಕರ್, ಅಷ್ಟೇ. ಹಾಡು ಕೇಳೋಕೆ ನನಗೆ ಇವತ್ತಿಗೂ ಬೇರೇನೂ ಬೇಡ. ತಕರಾರು ಶುರುವಾಗಿದ್ದು ಟಿವಿಯನ್ನು ಇದಕ್ಕೆ ಜೋಡಿಸಿದ ಮೇಲೆ. ಬಾಂಬ್ ಬಿದ್ದರೆ ಕಿಟಕಿ ಗಾಜು ನಡುಗುತ್ತಿತ್ತು, ಹೀರೊ ಏನಂದ ಅನ್ನೋದು ಮಾತ್ರ ಗೊತ್ತಾಗುತ್ತಿರಲಿಲ್ಲ. "ಏನಂದ್ನೋ ಅವ್ನು?" ಅಂತ ಅಮ್ಮ ಎರಡು ನಿಮಿಷಕ್ಕೊಂದು ಸಲ ಕೇಳುವುದು, ನಾನು ರಿಮೋಟ್ ಹಿಡಿದು ಸೌಂಡ್ ಏರಿಸುವುದು, ಇಳಿಸುವುದು. ಸಿನಿಮಾ ನೋಡೋದು ಅಂದ್ರೆ ಇಷ್ಟೇ ಆಗಿತ್ತು.

ಪಾಪ, ಸ್ಪೀಕರ್‌ಗಳ ತಪ್ಪಲ್ಲ. ಸಿನಿಮಾದ 5.1 ಸೌಂಡ್ ಅಂದರೆ ಮುಂದೆ ಎಡ, ನಡು (ಸೆಂಟರ್), ಬಲ, ಪಕ್ಕ-ಹಿಂದೆ ಎರಡು ಸರೌಂಡ್, ಜೊತೆಗೆ ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್. ಅದರಲ್ಲಿ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಮನೆಯಲ್ಲಿ ನಡುವೆ ಸ್ಪೀಕರೇ ಇಲ್ಲದಿದ್ದರೆ ಆ ಮಾತು ಎಡಕ್ಕೂ ಬಲಕ್ಕೂ ಹಂಚಿಹೋಗಿ, ಮ್ಯೂಸಿಕ್ಕು, ಗಾಡಿ ಸದ್ದು ಎಲ್ಲದರ ಜೊತೆ ಕಲೆತುಬಿಡುತ್ತದೆ. ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಅದು ಪರದೆಯಿಂದಲೇ ಬಂದ ಹಾಗಿರುತ್ತದೆ. ಆ ಜಾಗ ನನ್ನದು. ಅಮ್ಮನ ಕುರ್ಚಿ ಬಲಗಡೆ ಕಿಟಕಿ ಪಕ್ಕ, ಅಲ್ಲಿಗೆ ಎಲ್ಲವೂ ಬಲಗಡೆ ಸ್ಪೀಕರ್‌ನಿಂದಲೇ ಬಂದ ಹಾಗೆ.

ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು, ಹಳೇದನ್ನು ಕೊಟ್ಬಿಡಿ, ಪೂರ್ತಿ ಸೆಟ್ ತಗೊಳ್ಳಿ ಅಂತ. ನನಗೆ ಮನಸ್ಸಾಗಲಿಲ್ಲ. ಪ್ರೀ-ಔಟ್ ಇರುವ ಎವಿ ರಿಸೀವರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿದೆ. ರಿಸೀವರ್ ಅಂದರೆ ಟಿವಿ ಸೌಂಡನ್ನು ಚಾನೆಲ್‌ಗಳಾಗಿ ಬಿಡಿಸಿ ಸ್ಪೀಕರ್‌ಗಳಿಗೆ ಕೊಡುವ ಪೆಟ್ಟಿಗೆ, ಪ್ರೀ-ಔಟ್ ಅಂದರೆ ಅದರಿಂದ ಬೇರೆ ಆಂಪ್‌ಗೆ ಸೌಂಡ್ ಕಳಿಸುವ ಸಾಕೆಟ್. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಸಬ್‌ವೂಫರ್‌ಗೆ ಮಾತ್ರ ಪ್ರೀ-ಔಟ್ ಇರುತ್ತದೆ, ಹಿಂಭಾಗ ನೋಡದೆ ತಗೋಬೇಡಿ. ಮುಂದಿನ ಎಡ-ಬಲದ ಪ್ರೀ-ಔಟ್‌ನಿಂದ ವೈರ್ ಎಳೆದು ನನ್ನ ಹಳೇ ಆಂಪ್‌ನ ಆಕ್ಸ್ ಇನ್‌ಪುಟ್‌ಗೆ ಕೊಟ್ಟೆ. ಸೆಂಟರ್ ಮತ್ತು ಎರಡು ಸರೌಂಡ್ ಸ್ಪೀಕರ್‌ಗಳನ್ನು ರಿಸೀವರ್ ನೋಡಿಕೊಳ್ಳುತ್ತದೆ. ಹಾಡು ಕೇಳುವಾಗ ರಿಸೀವರ್ ಆನ್ ಮಾಡೋದೇ ಬೇಡ.

ಕೆಲವು ಆಂಪ್‌ಗಳಲ್ಲಿ ಹೋಮ್ ಥಿಯೇಟರ್ ಬೈಪಾಸ್ ಅಂತ ಇರುತ್ತದೆ, ಆಗ ಆಂಪ್‌ನ ವಾಲ್ಯೂಮ್ ನಾಬ್‌ಗೆ ಕೆಲಸವಿಲ್ಲ. ನನ್ನದರಲ್ಲಿ ಅದಿಲ್ಲ. ಹಾಗಾಗಿ ನಾಬನ್ನು ಗಡಿಯಾರದ 11 ಗಂಟೆಯ ಕಡೆ ತಿರುಗಿಸಿ, ಅಲ್ಲೇ ಇಟ್ಟು, ರಿಸೀವರ್ ಜೊತೆ ಬಂದ ಮೈಕ್ ಹಾಕಿ ಒಂದೊಂದು ಸ್ಪೀಕರ್‌ನ ಸೌಂಡ್ ಲೆವೆಲ್ ಸೆಟ್ ಮಾಡಿದೆ. ಸಿನಿಮಾ ನೋಡುವಾಗಲೆಲ್ಲ ನಾಬ್ ಅದೇ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಲೆಕ್ಕವೆಲ್ಲ ಕೆಟ್ಟಿತು. ಗುರುತಿಗೆ ಅಮ್ಮನ ಡಬ್ಬಿಯಿಂದ ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಆಂಪ್ ಮೇಲೆ ಅಂಟಿಸಿದೆ.

ಸೆಂಟರ್ ಸ್ಪೀಕರ್ ಮಾತ್ರ ಮುಂದಿನ ಜೋಡಿಯ ಕಂಪನಿಯದೇ, ಆದಷ್ಟೂ ಅದೇ ಸರಣಿಯದು ತಗೊಳ್ಳಿ. ಬೇರೆಯದಾದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿಯೇ ಬದಲಾಗುತ್ತದೆ. ಸರೌಂಡ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಸೋಫಾದ ಎರಡೂ ಪಕ್ಕ, ಸ್ವಲ್ಪ ಹಿಂದಕ್ಕೆ, ಕಿವಿಗಿಂತ ತುಸು ಮೇಲೆ ಇದ್ದರೆ ಆಯಿತು. ಸಬ್‌ವೂಫರ್ ಇನ್ನೂ ತಂದಿಲ್ಲ. ಕೆಳಗಿನ ಮನೆಯವರ ಜೊತೆ ಸದ್ಯಕ್ಕೆ ಚೆನ್ನಾಗಿದ್ದೇವೆ.

ಇಷ್ಟೆಲ್ಲ ಮಾಡಿ ಮೊದಲ ವಾರಾಂತ್ಯ ನಾನು ಕೇಳಿದ್ದು ಬರೀ ಸ್ಟೀರಿಯೊ! ಹಿಂದಿನ ಸ್ಪೀಕರ್‌ಗಳಿಂದ ಉಸಿರೇ ಇಲ್ಲ. ಕಿವಿ ಹಚ್ಚಿ ನೋಡಿದೆ, ವೈರ್ ಬಿಚ್ಚಿ ಮತ್ತೆ ಹಾಕಿದೆ. ಕೊನೆಗೆ ನೋಡಿದರೆ ಟಿವಿಯ ಸೌಂಡ್ ಸೆಟ್ಟಿಂಗ್ ಪಿಸಿಎಂನಲ್ಲಿ ಇತ್ತು, ಅಂದರೆ ಟಿವಿಯೇ ಎಲ್ಲವನ್ನೂ ಎರಡು ಚಾನೆಲ್‌ಗೆ ಇಳಿಸಿ ಕಳಿಸುತ್ತಿತ್ತು. ಸೌಂಡನ್ನು ಇದ್ದ ಹಾಗೇ ರಿಸೀವರ್‌ಗೆ ಕಳಿಸುವ ಬಿಟ್‌ಸ್ಟ್ರೀಮ್‌ಗೆ ಹಾಕಿದೆ, ಹಿಂದೆ ಮಳೆ ಸುರಿಯಿತು. ಅಮ್ಮ ಎದ್ದು ಬಾಲ್ಕನಿ ಕಡೆ ಹೋದಳು, ಬಟ್ಟೆ ಒಣಗಿಸಿದ್ದಳಲ್ಲ.

ಹೋದ ತಿಂಗಳು ಮತ್ತೆ ಶುರುವಾಯಿತು, "ಏನಂದ್ನೋ ಅವ್ನು?" ಹಿಂದಿನ ದಿನ ಮನೆಗೆ ಬಂದ ಗೆಳೆಯರು ಹಾಡು ಹಾಕಿಕೊಂಡು ಆಂಪ್‌ನ ನಾಬನ್ನು ಒಂದು ಗಂಟೆವರೆಗೂ ತಿರುಗಿಸಿದ್ದರು. ಎಡ-ಬಲ ಎರಡೂ ಜೋರಾಗಿ, ಸೆಂಟರ್‌ನ ಮಾತು ಮುಳುಗಿಹೋಗಿತ್ತು. ಈಗ ಸಿನಿಮಾ ಹಾಕುವ ಮುಂಚೆ ಅಮ್ಮನೇ ಕನ್ನಡಕ ಹಾಕಿಕೊಂಡು, ಬಗ್ಗಿ, ಬೊಟ್ಟು ನೋಡಿ ಬರುತ್ತಾಳೆ.