ಚುಚ್ಚುಮದ್ದಿನ ಕೋಣೆಯಲ್ಲಿ ಅರ್ಥವಾದ ರೇಬೀಸ್

ತಾಲ್ಲೂಕು ಆಸ್ಪತ್ರೆಯೊಂದರ ಚುಚ್ಚುಮದ್ದಿನ ಕೋಣೆಯಲ್ಲಿ ನಾನು ನರ್ಸ್. ನಾಯಿ ಕಚ್ಚಿಸಿಕೊಂಡವರು ಬಾರದ ದಿನವೇ ಇಲ್ಲ. ಬಂದವರ ಪ್ರಶ್ನೆಗಳೆಲ್ಲ ಸೂಜಿಯ ಸುತ್ತಲೇ: ಎಷ್ಟು ಹಾಕುತ್ತೀರಿ, ಎಲ್ಲಿಗೆ ಹಾಕುತ್ತೀರಿ, ಮೀನು ತಿನ್ನಬಹುದೇ? ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಇನ್ನೂ ಹೋಗಿಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಲ್ಲಿಸಲಾಗಿದೆ. ಈಗ ಎರಡು ತೋಳುಗಳ ಚರ್ಮದೊಳಗೆ 0.1 ಮಿ.ಲೀ.ನಂತೆ ಹಾಕುತ್ತೇವೆ, ಅಷ್ಟೇ. ಪಥ್ಯವೂ ಇಲ್ಲ.

ನಾನು ಮೊದಲು ಕೇಳುವುದು, “ಗಾಯ ತೊಳೆದಿರಾ?” ಎಂದು.

ತೊಳೆದವರು ಕಡಿಮೆ, ಏನಾದರೂ ಮೆತ್ತಿಕೊಂಡು ಬಂದವರೇ ಹೆಚ್ಚು. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ ಎಲ್ಲವನ್ನೂ ನೋಡಿದ್ದೇನೆ. ಮೀನಖಂಡದ ಮೇಲೆ ಹಲ್ಲು ನಾಟಿದ ಗುರುತುಗಳಿದ್ದ ಹಿರಿಯರೊಬ್ಬರನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಗಟ್ಟಿಯಾಗಿದ್ದ ಸುಣ್ಣವನ್ನು ಸೋಪಿನ ನೀರಿನಲ್ಲಿ ನೆನೆಸಿ ಬಿಡಿಸಬೇಕಾಯಿತು. “ಬೇಗ ಸೂಜಿ ಹಾಕಿಬಿಡಿ ಸಿಸ್ಟರ್, ಬಸ್ ಹೋಗುತ್ತದೆ” ಎಂದು ಗೊಣಗುತ್ತಿದ್ದರು. “ಹೋಗಲಿ ಬಿಡಿ ಯಜಮಾನರೇ, ಹದಿನೈದು ನಿಮಿಷ ಕಾಲು ತೆಗೆಯಬೇಡಿ” ಎಂದೆ. ರೇಬೀಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಅಂಶವಿದೆ, ಸೋಪು ತಗುಲಿದರೆ ಒಡೆದುಹೋಗುತ್ತದೆ. ಇಷ್ಟು ಅಗ್ಗದ ಚಿಕಿತ್ಸೆಯನ್ನು ಜನ ಚಿಕಿತ್ಸೆಯೆಂದೇ ನಂಬುವುದಿಲ್ಲ.

ಹಾಗಾಗಿ ನಾನು ರೋಗದ ದಾರಿಯನ್ನು ಅವರ ಮೈಮೇಲೆಯೇ ಬೆರಳಿಟ್ಟು ತೋರಿಸುತ್ತೇನೆ. ನಾಯಿಯ ಜೊಲ್ಲಿನಲ್ಲಿರುವ ವೈರಸ್ ಗಾಯವಾದ ಕಡೆ ಸ್ನಾಯುವಿಗೆ ಇಳಿಯುತ್ತದೆ. ಅಲ್ಲಿ ಕೆಲಕಾಲ ಸದ್ದಿಲ್ಲದೆ ಹೆಚ್ಚಿಕೊಳ್ಳಬಹುದು. ನಂತರ ಸ್ನಾಯುವಿಗೆ ಬಂದು ಕೂಡಿದ ನರದ ತುದಿಯೊಳಗೆ ಹೊಕ್ಕು, ರಕ್ತದ ಹಾದಿ ಹಿಡಿಯದೆ, ನರದೊಳಗೇ ಬೆನ್ನುಹುರಿಯತ್ತ ಏರುತ್ತದೆ. ಕೊನೆಗೆ ಮಿದುಳು. ಅಲ್ಲಿಂದ ಮತ್ತೆ ನರಗಳ ಮೂಲಕವೇ ಜೊಲ್ಲುಗ್ರಂಥಿಗೆ ಇಳಿಯುತ್ತದೆ. ನೀರು ನುಂಗಲು ಹೋದರೆ ಗಂಟಲು ಸೆಟೆದುಕೊಳ್ಳುವ ಆ ಭೀಕರ ಹಂತಕ್ಕೆ ಬಂದವರು ಬದುಕುವುದು ಇಲ್ಲವೆಂದೇ ಹೇಳಬೇಕು. ಸಾಮಾನ್ಯವಾಗಿ ಇದಕ್ಕೆಲ್ಲ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ, ತಲೆಗೆ ಕಚ್ಚಿದ್ದರೆ ದಾರಿ ಚಿಕ್ಕದು, ದಿನವೂ ಕಡಿಮೆ. ಕಾಲಿನಿಂದ ಬೆನ್ನಿನವರೆಗೆ ಬೆರಳು ಎಳೆದು ತೋರಿಸಿದಾಗ ಜನ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಗೋಡೆಯ ಮೇಲಿನ ಚಾರ್ಟನ್ನು ಯಾರೂ ನೋಡುವುದಿಲ್ಲ.

ಇಷ್ಟು ತಿಳಿದರೆ ಇನ್ನೊಂದು ಸೂಜಿಯ ಜಗಳವೂ ತಪ್ಪುತ್ತದೆ. ಲಸಿಕೆ ಹಾಕಿದ ಮೇಲೆ ದೇಹ ವೈರಸ್ಸನ್ನು ತಡೆಯುವ ತನ್ನದೇ ಪ್ರತಿಕಾಯ ತಯಾರಿಸಿಕೊಳ್ಳಲು ಒಂದೆರಡು ವಾರ ಬೇಕು. ರಕ್ತ ಬರುವಂತೆ ಕಚ್ಚಿದ್ದರೆ ಅಲ್ಲಿಯವರೆಗೆ ಕಾಯುವಂತಿಲ್ಲ. ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಗಾಯದೊಳಗೆ, ಸುತ್ತಮುತ್ತ ತುಂಬುತ್ತೇವೆ. ಬೆರಳ ತುದಿಯ ಗಾಯವಾದರೆ ನನಗೂ ಸಂಕಟ. ಅಲ್ಲಿ ಔಷಧಿಗೆ ಜಾಗವೇ ಇರುವುದಿಲ್ಲ. ಹನಿಹನಿಯಾಗಿ ತಳ್ಳುತ್ತಿದ್ದಂತೆ ಚರ್ಮ ಬಿಗಿದು ಬಿಳಿಚಿಕೊಳ್ಳುತ್ತದೆ, ಮಕ್ಕಳು ಕೋಣೆ ಹಾರಿಹೋಗುವಂತೆ ಕಿರುಚುತ್ತಾರೆ. “ತೋಳಿಗೇ ಹಾಕಬಾರದೇ?” ಎಂದು ತಾಯಂದಿರು ಅಂಗಲಾಚುತ್ತಾರೆ. ವೈರಸ್ ಇರುವುದು ಬೆರಳಿನಲ್ಲಿ ತಾಯೀ, ತೋಳಿನಲ್ಲಲ್ಲ.

“ಮನೆಯ ನಾಯಿ”, “ಇನ್ನೂ ಮರಿ”, “ಬರೀ ಪರಚಿದ್ದು” ಎಂಬ ಮಾತುಗಳಿಗೆ ನಾನು ಕಿವಿಗೊಡುವುದಿಲ್ಲ. ರಕ್ತ ಬಾರದ ಪರಚು ಗಾಯಕ್ಕೂ ಲಸಿಕೆ ಬೇಕು.

ನಿಜವಾದ ತಲೆನೋವು ಅರ್ಧಕ್ಕೇ ಬಿಡುವವರದು. ಗಾಯ ಮಾಯ್ದ ಕೂಡಲೇ ಭಯವೂ ಮಾಯುತ್ತದೆ. ಲಸಿಕೆಯ ದಿನಗಳನ್ನು 0, 3, 7, 28 ಎಂದು ಚೀಟಿಯಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಈಗ ವಾರದ ಹೆಸರನ್ನೇ ಹೇಳುತ್ತೇನೆ: “ಇವತ್ತು ಮಂಗಳವಾರ. ಈ ಶುಕ್ರವಾರ ಬನ್ನಿ, ಮುಂದಿನ ಮಂಗಳವಾರ ಬನ್ನಿ. ಆಮೇಲೆ ಎರಡು ಮಂಗಳವಾರ ಬಿಟ್ಟು ಮೂರನೆಯ ಮಂಗಳವಾರ ಕೊನೆಯದು.” ಮಂಗಳವಾರ ಇಲ್ಲಿ ಸಂತೆ. ಆ ದಿನದವರು ಸೊಪ್ಪಿನ ಚೀಲದೊಂದಿಗೇ ಸಾಲಿನಲ್ಲಿ ನಿಂತಿರುತ್ತಾರೆ.