ಮೂರು ಬಕೆಟ್ ನೀರು, ಒಂದು ಹಲಸಿನ ಚಕ್ಕೆ

ಆಷಾಢದಲ್ಲಿ ಊರಿಗೆ ಹೋಗ್ಬಾರ್ದು ಅಂತ ಪ್ರತಿ ವರ್ಷ ಅಂದ್ಕೋತೀನಿ, ಪ್ರತಿ ವರ್ಷ ಹೋಗ್ತೀನಿ. ಈ ಸಲ ಸಾಗರದ ಬಸ್‌ಸ್ಟ್ಯಾಂಡಲ್ಲಿ ಇಳಿದಾಗಿಂದ ಮನೆ ಮುಟ್ಟೋವರ್ಗೂ ಮಳೆ ಒಂದ್ ನಿಮಿಷ ಬಿಟ್ಟಿರ್ಲಿಲ್ಲ, ಒದ್ದೆ ಬ್ಯಾಗು ಜಗಲಿ ಮೇಲೆ ಇಡೋಕ್ ಮುಂಚೆನೇ ಅಮ್ಮ "ಬಟ್ಟೆ ಮಿಷಿನ್ ಶುರುನೇ ಆಗ್ತಿಲ್ಲ ಮಾರಾಯ, ನಾಲ್ಕು ದಿನ ಆಯ್ತು" ಅಂದ್ಲು. ಕಾಫಿ ಆಮೇಲೆ.

ಮಳೆಗಾಲದಲ್ಲಿ ಮಲೆನಾಡಿನ ಮನೇಲಿ ವಾಷಿಂಗ್ ಮಿಷಿನ್ ಅಂದ್ರೆ ತೊಳಿಯೋ ಮಿಷಿನ್ ಅಲ್ಲ, ಹಿಂಡೋ ಮಿಷಿನ್. ತೊಳಿಯೋದು ಹೆಂಗಾದ್ರೂ ಆಗುತ್ತೆ, ಬಟ್ಟೆ ಒಗೆಯೋ ಕಲ್ಲು ಇನ್ನೂ ಹಿತ್ತಲಲ್ಲೇ ಇದೆ. ಆದ್ರೆ ಕೈಯಲ್ಲಿ ಹಿಂಡಿದ ಬಟ್ಟೆ ಜುಲೈನಲ್ಲಿ ಒಣಗೋದಿಲ್ಲ, ಮೂರನೇ ದಿನಕ್ಕೆ ಮುಗ್ಗಲು ವಾಸನೆ, ಕೊನೆಗೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕಿದ್ರೆ ಹೊಗೆ ವಾಸನೆ. ಮಿಷಿನ್ನಲ್ಲಿ ಸ್ಪಿನ್ ಆಗಿ ಬಂದ್ರೆ ಒಂದೂವರೆ ದಿನಕ್ಕೆ ಉಟ್ಕೊಳ್ಳೋ ಹಂಗಾಗುತ್ತೆ. ಹಂಗಾಗಿ 2016ರಲ್ಲಿ ತಗೊಂಡ ಆ ಟಾಪ್ ಲೋಡ್ ಮಿಷಿನ್ ಮೇಲೆ ಅಮ್ಮಂಗೆ ಟಿವಿಗಿಂತ ಜಾಸ್ತಿ ಪ್ರೀತಿ. ಹಿಂದಿನ ಜಗಲಿ ಮೂಲೇಲಿ ಹಳೇ ಪಂಚೆ ಹೊದ್ಕೊಂಡು ನಿಂತಿರುತ್ತೆ ಅದು.

ರಿಪೇರಿಯವ್ರಿಗೆ ಅಮ್ಮ ಆಗ್ಲೇ ಫೋನ್ ಮಾಡಿದ್ಲಂತೆ. ಲೈಟ್ ಬರುತ್ತಾ? ಬರುತ್ತೆ. ಸ್ಟಾರ್ಟ್ ಆಗಲ್ವಾ? ಆಗಲ್ಲ. ಹಂಗಾದ್ರೆ ಮಿಷಿನ್ ನಡೆಸೋ ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ, ಮಳೇಲಿ ಎಲ್ಲಾರದ್ದೂ ಹೋಗುತ್ತೆ, ಐದ್ ಸಾವಿರ ಆಗ್ಬಹುದು, ಬಂದು ನೋಡೋಕೆ 350 ಬೇರೆ. ಮಿಷಿನ್ನಿನ ಮುಖ ನೋಡ್ದೇನೇ! ನಾನು ಇಂಜಿನಿಯರ್ ಅಲ್ಲ, ಆದ್ರೆ ಫೋನಲ್ಲೇ ಸಾವು ಘೋಷಣೆ ಮಾಡೋರ್ನ ನಂಬೋಕೆ ಮನಸ್ಸು ಬರಲ್ಲ.

ಮೊದ್ಲು ಕರೆಂಟು. ಆ ಪ್ಲಗ್‌ಗೇ ಮಿಕ್ಸಿ ಹಾಕಿ ನೋಡ್ದೆ, ಚೆನ್ನಾಗೇ ಓಡ್ತು. ಮಿಷಿನ್ ಆನ್ ಮಾಡಿದ್ರೆ ಲೈಟೆಲ್ಲಾ ಬಂತು, ಆದ್ರೆ ಯಾವ ಬಟನ್ ಒತ್ತಿದ್ರೂ ಬೀಪ್ ಬೀಪ್ ಅಂತ ಬೈಯುತ್ತೆ ಅಷ್ಟೇ. ನೋಡಿದ್ರೆ ಚೈಲ್ಡ್ ಲಾಕ್ ಬಿದ್ದಿದೆ. ಹಿಂದಿನ ವಾರ ಅಕ್ಕನ ಮಗಳು ಬಂದಿದ್ಲು, ಅವ್ಳಿಗೆ ಬಟನ್ ಕಂಡ್ರೆ ಒತ್ತದೇ ಇರೋಕಾಗಲ್ಲ. ಎರಡು ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡ್ದೆ, ಲಾಕ್ ಹೋಯ್ತು, ಇಷ್ಟೇನಾ ಅಂತ ಅಮ್ಮನ ಮುಖ ಸ್ವಲ್ಪ ಹೆಮ್ಮೆಯಿಂದ್ಲೇ ನೋಡಿ ಸ್ಟಾರ್ಟ್ ಒತ್ತಿದ್ರೆ, ಒಳಗಿನ ಚಕ್ರ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಅಲುಗಾಡ್ತು, ಬಟ್ಟೆ ಎಷ್ಟಿದೆ ಅಂತ ತೂಗಿ ನೋಡೋದು ಅದು, ಆಮೇಲೆ ಹಿಂದುಗಡೆಯಿಂದ ಗುಂಯ್ ಅಂತ ಸಣ್ಣ ಸದ್ದು, ಅಷ್ಟೇ. ನೀರಿಲ್ಲ, ತೊಳಿಯೋದಿಲ್ಲ. ಸುಮಾರು ಹೊತ್ತು ಹಂಗೇ ಗುಂಯ್ ಅಂದು ಕೊನೆಗೆ ಡಿಸ್‌ಪ್ಲೇ ಮೇಲೆ ಏನೋ ಎರಡಕ್ಷರ ಬರ್ಕೊಂಡು ಕೂತ್ಕೊಂಡ್ತು.

ಅಮ್ಮ ಹೇಳಿದ "ನಾಲ್ಕು ದಿನ"ದಲ್ಲಿ ಎರಡು ದಿನ ಲಾಕಿಂದು, ಎರಡು ದಿನ ಈ ಗುಂಯ್‌ದು ಇರ್ಬೇಕು. ಎರಡೂ ಕಾಯಿಲೆ ಅವ್ಳಿಗೆ ಒಂದೇ ಹೆಸ್ರು, "ಶುರು ಆಗ್ತಿಲ್ಲ".

ಮುಚ್ಚಳ ಸರಿಯಾಗಿ ಹಾಕಿದೀನಾ ಅಂತ ಎರಡ್ಸಲ ತೆಗ್ದು ಹಾಕ್ದೆ. ಇಲಿ ಏನಾದ್ರೂ ವೈರ್ ಕಡ್ದಿದ್ಯಾ ಅಂತ ಪ್ಲಗ್ ಕಿತ್ತು ಟಾರ್ಚ್ ಬಿಟ್ಟು ತಳಕ್ಕೆ ಇಣುಕಿದೆ, ಈ ಮಿಷಿನ್‌ಗಳ ತಳ ಓಪನ್ನೇ ಇರೋದ್ರಿಂದ ಇಲಿಗೆ ಅದೊಂದು ಛತ್ರ. ಇಲಿ ಇರ್ಲಿಲ್ಲ, ಜಿರಲೆ ಇತ್ತು, ಅದು ಬೇರೆ ವಿಷ್ಯ. ಇಣುಕೋಕೆ ಅಂತ ಮಿಷಿನ್‌ನ ಅರ್ಧ ಅಡಿ ಮುಂದಕ್ಕೆ ಎಳೀಬೇಕಾಯ್ತು, ಎಳೆದಾಗ ಕಾಲಡಿಯಿಂದ ಒಂದು ಕೊಳಕು ಮರದ ಚಕ್ಕೆ ಹೊರಗೆ ಬಂತು, ತಗೊಂಡು ಬಚ್ಚಲ ಕಟ್ಟಿಗೆ ರಾಶಿಗೆ ಎಸ್ದೆ. ಇದು ನೆನಪಿರ್ಲಿ.

ಆಗ ಅಮ್ಮ ಪಾತ್ರೆ ತೊಳೀತಾ ಅಲ್ಲಿಂದ್ಲೇ "ಏಪ್ರಿಲ್ಲಲ್ಲಿ ಅಬ್ಬಿ ನೀರು ನಿಂತಾಗ ನಾ ಬಕೆಟಲ್ಲಿ ಹೊಯ್ದು ಓಡಿಸ್ದೆ, ಆಗ್ಲೂ ಗುಂಯ್ ಅಂತಿತ್ತು" ಅಂದ್ಲು. ಅಬ್ಬಿ ಅಂದ್ರೆ ಗುಡ್ಡದಿಂದ ಇಳಿಯೋ ಝರಿ. ನಂಗೆ ತಲೇಲಿ ಲೈಟ್ ಹತ್ತಿದ್ದು ಆಗ್ಲೇ. ನಮ್ಮ ಮಿಷಿನ್‌ಗೆ ನೀರು ನಲ್ಲಿಯಿಂದ ಬಂತೋ ಬಕೆಟ್ಟಿಂದ ಬಂತೋ ಗೊತ್ತಾಗಲ್ಲ. ಡ್ರಮ್ಮಿನ ತಳದಿಂದ ಒಂದು ಸಣ್ಣ ರಬ್ಬರ್ ಟ್ಯೂಬು ಮೇಲಕ್ಕೆ ಹೋಗಿರುತ್ತೆ, ನೀರು ಏರ್ದಂಗೆ ಆ ಟ್ಯೂಬಿನೊಳಗಿನ ಗಾಳಿ ಒತ್ತುತ್ತೆ, ಆ ಒತ್ತಡ ನೋಡಿ ಬೋರ್ಡು ಹಾ ಇಷ್ಟು ನೀರಾಯ್ತು ಇನ್ನು ತೊಳಿ ಅಂತ ಹೇಳುತ್ತೆ. ಅಂದ್ರೆ ಮೇಲಿಂದ ನಾವೇ ನೀರು ಹೊಯ್ದಾಗ ಅದು ತಿರುಗೋಕೆ ಶುರು ಮಾಡಿದ್ರೆ, ಬೋರ್ಡೂ ಸರಿ, ಮೋಟ್ರೂ ಸರಿ, ಸೆನ್ಸರ್ರೂ ಸರಿ, ತೊಂದ್ರೆ ಇರೋದು ನೀರು ಒಳಗೆ ಬರೋ ದಾರೀಲಿ ಮಾತ್ರ.

ಪ್ಲಗ್ ಹಾಕಿ, ಆಫ್ ಮಾಡಿ ಆನ್ ಮಾಡಿ, ಸ್ಟಾರ್ಟ್ ಒತ್ತಿ, ಗುಂಯ್ ಶುರುವಾದ್ಮೇಲೆ ಹದಿನೈದು ಲೀಟರ್ ಬಕೆಟ್ಟಲ್ಲಿ ಹೊಯ್ಯೋಕೆ ಶುರು ಮಾಡ್ದೆ. ನೀರಿಗೇನೂ ಬರ ಇಲ್ಲ, ಸೂರಿನ ದೋಣಿ ಕೆಳಗೆ ಬಕೆಟ್ ಇಟ್ರೆ ಒಂದ್ ನಿಮಿಷಕ್ಕೆ ತುಂಬ್ತಿತ್ತು. ಒಂದಾಯ್ತು, ಎರಡಾಯ್ತು, ಏನಿಲ್ಲ. ಮೂರನೇದು ಮುಗೀತಿದ್ದಂಗೆ ಟಕ್ ಅಂತ ಗುಂಯ್ ನಿಂತು ಗರ್ರ್ ಅಂತ ಬಟ್ಟೆ ತಿರುಗ್ತು! ಐದ್ ಸಾವಿರ ಉಳೀತು ಅಂತ ನಾನು, ನೆಲ ಎಲ್ಲಾ ಒದ್ದೆ ಮಾಡ್ದೆ ಅಂತ ಅಮ್ಮ.

ಇನ್ನು ನೀರಿನ ದಾರಿ. ನಮ್ಮನೆ ನೀರು ಬೋರ್‌ವೆಲ್ ಅಲ್ಲ, ಗುಡ್ಡದ ಮೇಲಿನ ಅಬ್ಬಿಯಿಂದ ಕಪ್ಪು ಪೈಪಲ್ಲಿ ಇಳ್ದು ಬರೋದು, ಮೋಟ್ರು ಬೇಡ ಕರೆಂಟ್ ಬೇಡ. ಹತ್ತು ಮೀಟರ್ ಎತ್ತರಕ್ಕೆ ಹತ್ತತ್ರ ಒಂದು ಬಾರ್ ಒತ್ತಡ ಸಿಗುತ್ತೆ, ಅಬ್ಬಿ ಅದಕ್ಕಿಂತ ಎಷ್ಟೋ ಮೇಲಿದೆ, ಹಂಗಾಗಿ ಪ್ರೆಶರ್ ಕಮ್ಮಿ ಅನ್ನೋ ಮಾತೇ ಇಲ್ಲ. (ಬೆಂಗ್ಳೂರಲ್ಲಿ ನಾನಿರೋದು ಮೇಲಿನ ಮಹಡಿ, ಟ್ಯಾಂಕು ತಲೆ ಮೇಲೆ ಐದಡಿ, ಅಲ್ಲಿ ಮಿಷಿನ್ ತುಂಬೋಕೆ ಅರ್ಧ ಗಂಟೆ, ಅಲ್ಲಿಯ ಕತೆ ಬೇರೆ.) ನಲ್ಲಿ ಬಂದ್ ಮಾಡಿ, ಮತ್ತೆ ಪ್ಲಗ್ ಕಿತ್ತು, ಹಿಂದಿನ ಇನ್‌ಲೆಟ್ ಪೈಪ್ ತಿರುಗಿಸಿ ಬಿಚ್ಚಿದೆ. ಅದು ಕೂರೋ ಕಡೆ, ನೀರು ಒಳಗೆ ಬಿಡೋ ವಾಲ್ವಿನ ಬಾಯಲ್ಲಿ, ಹೆಬ್ಬೆರಳಿನ ಉಗುರಷ್ಟು ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದ್ರೆ ಜಾಲರಿನೇ ಕಾಣ್ತಿಲ್ಲ, ಕೆಂಪು ಮಣ್ಣು, ಮರಳು, ಕೊಳೆತ ಎಲೆ ಪುಡಿ ಎಲ್ಲಾ ಸೇರಿ ಚಟ್ನಿ ತರ ಮೆತ್ಕೊಂಡಿದೆ. ವಾಲ್ವು ಪಾಪ ತೆರೀತಾನೇ ಇತ್ತು, ಆ ಗುಂಯ್ ಅದನ್ನ ತೆರೆಯೋ ತಂತಿ ಸುರುಳಿ (ಕಾಯಿಲ್) ಸದ್ದು. ನೀರಿಗೇ ದಾರಿ ಇರ್ಲಿಲ್ಲ.

ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ಉಜ್ಜಿ, ಪೈಪಿಂದ ಬಕೆಟ್ಟಿಗೆ ಸ್ವಲ್ಪ ನೀರು ಬಿಟ್ಟು ಕೆಸರೆಲ್ಲಾ ಹೋದ್ಮೇಲೆ ಜೋಡಿಸ್ದೆ. ಸ್ಟಾರ್ಟ್. ಸೊಂಯ್ ಅಂತ ನೀರು. ಅಬ್ಬಾ ಅಂತ ಕಾಫಿ ಕುಡಿಯೋಕೆ ಕೂತೆ.

ಮುಕ್ಕಾಲು ಗಂಟೆ ಆದ್ಮೇಲೆ ಹಿಂದಿನ ಜಗಲಿಯಿಂದ ಧಡ್ ಧಡ್ ಧಡ್. ಸ್ಪಿನ್‌ಗೆ ಬಂದಿದೆ, ಎರಡು ಸುತ್ತು ತಿರುಗಿ ಒಳಗಿನ ಡ್ರಮ್ಮು ಮಿಷಿನ್ ಡಬ್ಬಿಗೆ ಬಡ್ದು ನಿಲ್ಲುತ್ತೆ, ಆಮೇಲೆ ನೋಡಿದ್ರೆ ಮತ್ತೆ ನೀರು ತುಂಬ್ಕೊಂಡು ಬಟ್ಟೆ ಕಲಸೋಕೆ ಶುರು ಮಾಡುತ್ತೆ. ಮತ್ತೆ ನೀರು ಬಿಡುತ್ತೆ, ಮತ್ತೆ ಧಡ್ ಧಡ್. ನಂಗೆ ಬೆವರು ಬಂತು, ನಾನೇ ಏನೋ ಹಾಳ್ ಮಾಡ್ದೆ ಅಂತ, ಯೂಟ್ಯೂಬ್ ನೋಡೋಣ ಅಂದ್ರೆ ನೆಟ್‌ವರ್ಕ್ ಅಡಿಕೆ ತೋಟದ ಅಂಚಿಗೆ ಹೋದ್ರೆ ಮಾತ್ರ ಸಿಗೋದು. ಅಮ್ಮ ಬಂದು ಒಂದ್ ಕ್ಷಣ ನೋಡಿ, ಮಿಷಿನ್ ಕಡೆ ಅಲ್ಲ, ನೆಲದ ಕಡೆ ನೋಡಿ,

"ಚಕ್ಕೆ ಎಲ್ಲಿ?"

ಎಂತ ಚಕ್ಕೆ? ಹಲಸಿಂದು, ಬಲಗಡೆ ಮುಂದಿನ ಕಾಲಡಿ ಇಟ್ಟಿದ್ದು. ಹಿಂದಿನ ಜಗಲಿ ನೀರು ಹರೀಲಿ ಅಂತ ಇಳಿಜಾರು ಮಾಡಿರೋ ನೆಲ, ಅಲ್ಲಿ ಮಿಷಿನ್ ಮಟ್ಟಸ ನಿಲ್ಲಲ್ಲ, ಮಿಷಿನ್ನಿನ ತಿರುಪು ಕಾಲು ಎಷ್ಟು ತಿರುಗಿಸಿದ್ರೂ ಸಾಲಲ್ಲ ಅಂತ ಅಪ್ಪ ಇದ್ದಾಗ ಉಳಿ ತಗೊಂಡು ಕೆತ್ತಿ ಕೂರಿಸಿದ್ದಂತೆ. ವಾಲಿದ್ರೆ ಬಟ್ಟೆ ಭಾರ ಒಂದ್ಕಡೆ ಬಿದ್ದು ಡ್ರಮ್ಮು ಹೊಡ್ಕೊಳ್ಳುತ್ತೆ, ಹೊಡ್ಕೊಂಡ್ರೆ ಮಿಷಿನ್ ಸ್ಪಿನ್ ನಿಲ್ಸಿ, ನೀರು ತುಂಬಿ ಬಟ್ಟೆ ಸಮ ಮಾಡೋಕೆ ನೋಡುತ್ತೆ. ಅದರ ತಪ್ಪೇನಿಲ್ಲ. ಚಕ್ಕೆ ಹುಡ್ಕೊಂಡು ಬಚ್ಚಲಿಗೆ ಓಡಿದ್ರೆ ಅದಾಗ್ಲೇ ಒಲೆಯೊಳಗೆ ಕೆಂಡ, ನನ್ನ ಸ್ನಾನಕ್ಕೆ ಅಂತ ಅಮ್ಮನೇ ಹಾಕಿದ್ದು. ಅಪ್ಪ ಕೆತ್ತಿದ್ದು ಅಂತ ಅವ್ಳೇನೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕೊಟ್ಟಿಗೆಯಿಂದ ಅಡಿಕೆ ದಬ್ಬೆ ತುಂಡೊಂದು ತಂದು ಕತ್ತೀಲಿ ಮೂರ್ಸಲ ಸವರಿ ಸವರಿ ಕೊಟ್ಟೆ, ಅವ್ಳು ಮುಚ್ಚಳದ ಮೇಲೆ ಲೋಟದಲ್ಲಿ ನೀರಿಟ್ಟು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಮಟ್ಟ ನೋಡಿದ್ಲು. ಲೋಟ ತೆಗ್ದು ಸ್ಪಿನ್ ಹಾಕಿದ್ರೆ ವಿಮಾನದ ತರ ಏರ್ತು.

ಜಾಲರಿ ತೊಳೆದ್ರೆ ಸಾಕಾಗಲ್ಲ, ಕೆಸರು ಬರ್ತಾನೇ ಇದ್ರೆ ವಾರಕ್ಕೆ ಮತ್ತೆ ಕಟ್ಟುತ್ತೆ ಅಂತ ಮಾರನೇ ದಿನ ಬೆಳಗ್ಗೆ ಅಬ್ಬಿಗೇ ಹತ್ತಿದೆ. ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರ್ಕೊಂಡ್ರೂ ಇಂಬಳ (ಜಿಗಣೆ) ಬಿಡ್ಲಿಲ್ಲ, ಏಳು ಕಿತ್ತೆ, ಎಂಟನೇದು ಮನೇಲಿ ಸಿಕ್ತು. ಅಲ್ಲಿ ಪೈಪಿನ ಬಾಯಿಗೆ ಕಟ್ಟಿದ್ದ ಬಟ್ಟೆ ಮತ್ತೆ ಜಾಲರಿ ಹೊಳೆ ನೀರಿನ ರಭಸಕ್ಕೆ ಕೊಚ್ಕೊಂಡು ಹೋಗಿ, ಪೈಪು ಬರೀ ಬಾಯಿ ತೆರ್ಕೊಂಡು ಮರಳಲ್ಲಿ ಮಲಗಿತ್ತು. ಸೊಳ್ಳೆ ಪರದೆ ತುಂಡು ಎರಡು ಮಡಿಕೆ ಮಾಡಿ ತಂತಿ ಸುತ್ತಿ, ಪೈಪಿನ ತುದಿ ಒಂದು ಕಲ್ಲಿನ ಮೇಲೆ ಎತ್ತಿಟ್ಟು ಬಂದೆ.

ವಾಪಸ್ ಇಳೀತಾ ತೋಟದ ಅಂಚಲ್ಲಿ ನೆಟ್‌ವರ್ಕ್ ಸಿಕ್ಕಿದ ಕೂಡ್ಲೇ ಫೋನ್ ಹೊಡ್ಕೊಂಡ್ತು. ರಿಪೇರಿಯವ್ರು. "ಸರ್ ನಿಮ್ ಬೋರ್ಡು ಇಲ್ಲಿ ಸ್ಟಾಕ್ ಇಲ್ಲ, ಶಿವಮೊಗ್ಗದಿಂದ ಬರ್ಬೇಕು, ತರಿಸ್ಲಾ?"